ಕಷ್ಟ ಬಂದಾಗ ದೇವರು ಎಲ್ಲಿರ್ತಾನೆ? ನಮ್ಮ ಕಡೆ ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲು ಯಾರು ಬರೀತಿರೋದು ಅಂತ ಹೇಳಿಬಿಡ್ತೀನಿ. ನಾನು ಹೊಸನಗರ ತಾಲ್ಲೂಕಿನೋಳು. ನಮ್ಮನೆಯವರು ಅಡಿಕೆ ಮರ ಹತ್ತೋ ಕೆಲಸ ಮಾಡ್ತಿದ್ರು, ಕೊನೆ ಅಂದ್ರೆ ಅಡಿಕೆ ಗೊನೆ ತೆಗೆಯೋದು, ಮಳೆಗೆ ಗೊನೆಗೆ ಕೊಟ್ಟೆ ಅಂದ್ರೆ ಹೊದಿಕೆ ಕಟ್ಟೋದು, ಔಷಧಿ ಹೊಡೆಯೋದು. 6 ವರ್ಷದ ಹಿಂದೆ ಜುಲೈ ತಿಂಗಳಲ್ಲಿ ಎರಡನೇ ಸಲದ ಬೋರ್ಡೋ ಔಷಧಿ ಹೊಡೀವಾಗ, ಮಳೆ ಒಂದು ಗಳಿಗೆ ಹೊಳವಾಗಿದೆ ಬೇಗ ಮುಗಿಸಿಬಿಡೋಣ ಅಂತ ಅವಸರ ಮಾಡಿ, ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟೋ ಹೊತ್ತಲ್ಲಿ ಪಾಚಿಗೆ ಕೈ ಜಾರಿ ಬಿದ್ರು. ಬೆನ್ನುಮೂಳೆ ಮುರೀತು. ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ.

ನಾನು ಪಾಸ್ಟರಮ್ಮ ಅಲ್ಲ, ಬೈಬಲ್ ಕಾಲೇಜಿಗೆ ಹೋದೋಳಲ್ಲ. ಈ 6 ವರ್ಷದಲ್ಲಿ ಇಂಥದೇ ಪೇಷಂಟ್ ಇರೋ ಮನೆಗಳಿಗೆ ಹೋಗಿ ಬರೋದು ಅಭ್ಯಾಸ ಆಗಿದೆ, ಅಲ್ಲೆಲ್ಲ, ಆಸ್ಪತ್ರೆ ವರಾಂಡದಲ್ಲಿ, ಬಸ್ಸಲ್ಲಿ, ರಾತ್ರಿ ಹತ್ತು ಗಂಟೆಗೆ ವಾಟ್ಸಾಪಲ್ಲಿ ಅವೇ ಪ್ರಶ್ನೆಗಳು ಬರ್ತಾವೆ. ಒಂದೇ ಕಡೆ ಬರೆದಿಟ್ರೆ ಯಾರಿಗಾದ್ರೂ ಅನುಕೂಲ ಆಗುತ್ತೆ ಅಂತ ಬರ್ದಿದೀನಿ. ಸಿಎಸ್‌ಐ ಚರ್ಚಿನವರಾಗ್ಲಿ ಕ್ಯಾಥೊಲಿಕ್ ಆಗ್ಲಿ ಪೆಂತೆಕೋಸ್ತ್ ಆಗ್ಲಿ ಎಲ್ಲರೂ ಓದಬಹುದು.

ಇದು ನಾನು ಮಾಡಿದ ಪಾಪಕ್ಕೆ ಶಿಕ್ಷೆನಾ?

ಅಲ್ಲ. ಎಲ್ಲರೂ ಮೊದಲು ಕೇಳೋದು ಇದನ್ನೇ. ಕೆಲವರು ಬಾಯಿಬಿಟ್ಟು ಕೇಳಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ.

ಬೈಬಲಲ್ಲಿ ಯೋಹಾನನ ಸುವಾರ್ತೆ 9ನೇ ಅಧ್ಯಾಯ ತೆಗೀರಿ. ಹುಟ್ಟುಕುರುಡ ಒಬ್ಬ ದಾರಿಲಿ ಕೂತಿದಾನೆ, ಶಿಷ್ಯರು ಅವನ ಎದುರೇ ಕೇಳ್ತಾರೆ, ಇವನು ಕುರುಡನಾಗಿ ಹುಟ್ಟೋಕೆ ಯಾರು ಪಾಪ ಮಾಡಿದ್ದು, ಇವನೋ ಇವನ ಅಪ್ಪ ಅಮ್ಮನೋ ಅಂತ. ಯೇಸುಸ್ವಾಮಿ ಎರಡೂ ಅಲ್ಲ ಅಂದ್ರು. ಲೂಕ 13ರಲ್ಲಿ ಇನ್ನೂ ನೇರವಾಗಿದೆ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ರು. ಅವರು ಜೆರುಸಲೇಮಲ್ಲಿದ್ದ ಉಳಿದ ಎಲ್ಲರಿಗಿಂತ ದೊಡ್ಡ ಪಾಪಿಗಳು ಅನ್ಕೊಂಡ್ರಾ, ಖಂಡಿತ ಇಲ್ಲ ಅಂತ ಯೇಸುಸ್ವಾಮಿನೇ ಹೇಳ್ತಾರೆ.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ. ದರಗು ಅಂದ್ರೆ ಒಣಗಿದ ಎಲೆ ಗುಡಿಸೋಕೆ, ಸೌದೆಗೆ ಅಂತ ಹೋದೋರಿಗೆ ಉಣುಗು (ಉಣ್ಣೆ ಹುಳ) ಕಚ್ಚಿ ಜ್ವರ ಬರುತ್ತೆ. ಆ ಉಣುಗು ಯಾರು ಪೂಜೆಗೆ ಹೋಗ್ತಾರೆ ಯಾರು ಹೋಗಲ್ಲ ಅಂತ ನೋಡಿ ಕಚ್ಚುತ್ತಾ? ಪಾಚಿ ಕಟ್ಟಿದ ಮರ ಯಾರು ಹತ್ತಿದ್ರೂ ಜಾರುತ್ತೆ.

ಹಾಗಂತ ನಮ್ಮ ಕೆಲಸಕ್ಕೆ ಫಲ ಇಲ್ಲ ಅಂತ ಅಲ್ಲ. ಇಪ್ಪತ್ತು ವರ್ಷ ಕುಡಿದ್ರೆ ಲಿವರ್ ಹೋಗುತ್ತೆ. ಅದು ದೇವರು ಕುತ್ಕೊಂಡು ಸೇಡು ತೀರಿಸ್ಕೊಂಡಿದ್ದಲ್ಲ. ಅಂಥೋರಿಗೂ ಸಮಾಧಾನ ಬೇಕು, ಅವರಿಗೆ ಇನ್ನೂ ಒಂಚೂರು ಜಾಸ್ತಿನೇ ಬೇಕು.

ಹಂಗಾದ್ರೆ ಎಂಥಕ್ಕೆ ಬಂತು ಮಾರಾಯ್ರೆ?

ಬೈಬಲಲ್ಲಿ ಯೋಬನ ಪುಸ್ತಕ ಅಂತಿದೆ, 42 ಅಧ್ಯಾಯ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳಕೊಂಡ ಯೋಬ ಉದ್ದಕ್ಕೂ ಯಾಕೆ ಯಾಕೆ ಅಂತಲೇ ಕೇಳ್ತಾನೆ. 38ನೇ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡ್ತಾನೆ, ಮಳೆ, ಹಿಮ, ಕಾಡು ಮೇಕೆ ಈಯೋ ಕಾಲ, ಹದ್ದಿನ ಗೂಡು ಎಲ್ಲದರ ಬಗ್ಗೆ ಹೇಳ್ತಾನೆ, ಯೋಬನಿಗೆ ಯಾಕೆ ಹಿಂಗಾಯ್ತು ಅನ್ನೋದನ್ನ ಮಾತ್ರ ಹೇಳಲ್ಲ. ಮೊದಲು ಓದಿದಾಗ ನಂಗೆ ಮೋಸ ಅನ್ನಿಸಿತ್ತು. ಈಗ ಹಂಗನ್ಸಲ್ಲ. ಕಾರಣ ಗೊತ್ತಾಗಿದ್ರೆ ನಮ್ಮನೆಯವರ ಕಾಲಿಗೆ ಬಲ ಬರ್ತಿತ್ತಾ? ನಂಗೆ ಆಗ ಬೇಕಾಗಿದ್ದು ರಾತ್ರಿ ಜೊತೆಗೆ ಯಾರಾದ್ರೂ ಇರೋದು. ಯೋಬನಿಗೂ ಕೊನೆಗೆ ಸಿಕ್ಕಿದ್ದು ಅದೇ, ಇಷ್ಟು ದಿನ ನಿನ್ನ ಸುದ್ದಿ ಕಿವಿಲಿ ಕೇಳಿದ್ದೆ, ಈಗ ಕಣ್ಣಾರೆ ಕಂಡೆ ಅಂತಾನೆ.

ಯಾಕೆ ಅನ್ನೋ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ, ಇದೆ ಅಂತ ಹೇಳೋರನ್ನ ನಂಬೋಕೂ ಹೋಗ್ಬೇಡಿ.

ದೇವರ ಮೇಲೆ ಸಿಟ್ಟು ಬಂದಿದೆ. ಹಂಗೆ ಅನ್ಕೊಳ್ಳೋದು ತಪ್ಪಾ?

ತಪ್ಪಲ್ಲ, ಆದ್ರೆ ಆ ಸಿಟ್ಟನ್ನ ದೇವರಿಗೇ ಹೇಳಿ, ಗಂಡನ ಮೇಲೆ ಮಕ್ಕಳ ಮೇಲೆ ತೀರಿಸ್ಕೋಬೇಡಿ. ನಾನು ಮೊದಲ ವರ್ಷ ಮಗಳ ಮೇಲೆ ತೀರಿಸ್ಕೊಂಡೆ, ಅದಕ್ಕೆ ಈಗಲೂ ಸಂಕಟ ಇದೆ.

ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ ಕೀರ್ತನೆ 13 ಶುರುವಾಗೋದೇ ಎಷ್ಟು ಕಾಲ ನನ್ನ ಮರೆತಿರ್ತೀಯ ಅಂತ. ಕೀರ್ತನೆ 22ರ ಮೊದಲ ಮಾತು, ನನ್ನ ದೇವರೇ ಯಾಕೆ ಕೈಬಿಟ್ಟೆ ಅನ್ನೋದು, ಅದನ್ನೇ ಯೇಸುಸ್ವಾಮಿ ಶಿಲುಬೆ ಮೇಲೆ ಕೂಗಿದ್ದು. ಕೀರ್ತನೆ 88 ಅಂತೂ ಪೂರಾ ಕತ್ತಲು, ಬೇರೆ ದುಃಖದ ಕೀರ್ತನೆಗಳಲ್ಲಿ ಕೊನೆಗಾದ್ರೂ ಆದರೂ ನಾನು ಸ್ತುತಿಸುವೆ ಅಂತ ಒಂದು ಸಾಲು ಬರುತ್ತೆ, ಇದರಲ್ಲಿ ಬರೋದೇ ಇಲ್ಲ, ಕತ್ತಲು ಅನ್ನೋ ಮಾತಲ್ಲೇ ಮುಗಿದುಹೋಗುತ್ತೆ. ಅಂಥ ಕೀರ್ತನೆನ ಸತ್ಯವೇದದಿಂದ, ಅಂದ್ರೆ ಬೈಬಲಿಂದ, ಯಾರೂ ತೆಗೆದು ಹಾಕಿಲ್ಲ ನೋಡಿ. ದೇವರ ಸನ್ನಿಧಿಲಿ ಇಂಥ ಮಾತಿಗೂ ಜಾಗ ಇದೆ ಅನ್ನೋದು ನಂಗೆ ಎಷ್ಟೋ ಸಮಾಧಾನ ಕೊಟ್ಟಿದೆ.

ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ, ಬಾಯಿಗೆ ಮಾತೇ ಬರಲ್ಲ. ಏನು ಮಾಡ್ಲಿ?

ಇದನ್ನ ಒಂಚೂರು ಉದ್ದ ಬರೀತೀನಿ, ಯಾಕಂದ್ರೆ ನಾನು ಉಳ್ಕೊಂಡಿದ್ದೇ ಇದರಿಂದ.

ಬೆನ್ನುಹುರಿಗೆ ಪೆಟ್ಟು ಬಿದ್ದೋರನ್ನ 2 ಗಂಟೆಗೊಂದು ಸಲ ಮಗ್ಗುಲು ಬದಲಿಸಬೇಕು. ಇಲ್ಲಾಂದ್ರೆ ಬೆಡ್ ಸೋರ್, ಅಂದ್ರೆ ಮೈ ಒತ್ತಿದ ಕಡೆ ಹುಣ್ಣು ಆಗುತ್ತೆ, ಅವರಿಗೆ ನೋವು ಗೊತ್ತಾಗಲ್ಲ, ನಮಗೆ ಕಾಣೋ ಹೊತ್ತಿಗೆ ಎಲುಬಿನವರೆಗೂ ಹೋಗಿರುತ್ತೆ. ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೇಲಿ ಒಬ್ಬ ನರ್ಸ್ ನನ್ನ ಕೈ ಹಿಡಿದು ಕಲಿಸಿದ್ರು, ಬಲ ಮಗ್ಗುಲು, ಅಂಗಾತ, ಎಡ ಮಗ್ಗುಲು, ಮೊಣಕಾಲಿನ ಮಧ್ಯ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಂಗೆ ಕೆಳಗೆ ಸುತ್ತಿದ ಟವೆಲ್ಲು. ಮನೆಗೆ ಬಂದ ಮೇಲೆ ರಾತ್ರಿ 1 ಗಂಟೆ, 3 ಗಂಟೆ, 5 ಗಂಟೆಗೆ ಮೊಬೈಲಲ್ಲಿ ಅಲಾರಂ ಇಟ್ಟೆ. ಆ ಮಳೆಗಾಲದಲ್ಲಿ ಹೊರಗೆ ಜೀರುಂಡೆ ಕೂಗು, ಹಂಚಿನ ಮೇಲೆ ಮಳೆ, ಕರೆಂಟ್ ಇಲ್ಲ, ಬಾಯಲ್ಲಿ ಟಾರ್ಚ್ ಕಚ್ಕೊಂಡು ಇವರ ಸೊಂಟದ ಕೆಳಗೆ ಕೈ ಹಾಕಿ ತಿರುಗಿಸೋದು. ತಿರುಗಿಸಿದ ಮೇಲೆ ನಿದ್ದೆ ಬರ್ತಿರಲಿಲ್ಲ. ಪ್ರಾರ್ಥನೆ ಮಾಡೋಣ ಅಂತ ಕೂತ್ರೆ ಕರ್ತನೇ ಅನ್ನೋದು ಬಿಟ್ರೆ ಮುಂದೆ ಒಂದು ಮಾತು ಹೊರಡ್ತಿರಲಿಲ್ಲ.

ನಮ್ಮ ಸಭೆಯ ಪಾಸ್ಟರ್ ಅಯ್ಯನವರಿಗೆ ಹೇಳಿದಾಗ ಅವರು ಉಪದೇಶ ಮಾಡ್ಲಿಲ್ಲ. ಪೌಲ ರೋಮಾಪುರದವರಿಗೆ ಬರೆದ ಪತ್ರದ 8:26 ತೋರಿಸಿದ್ರು, ಏನು ಬೇಡ್ಕೋಬೇಕು ಅಂತ ನಮಗೆ ಗೊತ್ತಿಲ್ಲದಾಗ ಮಾತಲ್ಲಿ ಹೇಳೋಕಾಗದ ನರಳಾಟದಿಂದ ಪವಿತ್ರಾತ್ಮನೇ ನಮಗೋಸ್ಕರ ಬೇಡ್ಕೋತಾನೆ ಅಂತ ಇದೆ. ಆಮೇಲೆ, ನಿನಗೆ ಮಾತು ಬರದಿದ್ರೆ ಕೀರ್ತನೆ ಬರೆದ ದಾವೀದನ ಮಾತು ಸಾಲ ತಗೋ ತಾಯಿ, ಅಲಾರಂಗೆ ಒಂದು ಕೀರ್ತನೆ ಓದು, ಅರ್ಥ ಆದ್ರೂ ಆಗದಿದ್ರೂ ಓದು ಅಂದ್ರು. ಅವತ್ತಿಂದ ಇವತ್ತಿನವರೆಗೂ ಹಂಗೇ ನಡೀತಿದೆ. ರಾತ್ರಿಗೆ 3 ಅಂದ್ರೆ 50 ರಾತ್ರಿಗೆ 150 ಮುಗೀಬೇಕು. 119ನೇದರಲ್ಲಿ 176 ವಚನ ಇರೋದ್ರಿಂದ ಅದನ್ನ ಭಾಗ ಮಾಡ್ಕೋತೀನಿ, ಹಂಗಾಗಿ ಇನ್ನೊಂದೆರಡು ರಾತ್ರಿ ಜಾಸ್ತಿ ಆಗುತ್ತೆ. 117 ಬಂದ ರಾತ್ರಿ ಎರಡೇ ವಚನ.

ಮೊದಲ ಒಂದು ವರ್ಷ ಬರೀ ಓದಿದ್ದಷ್ಟೇ, ಏನೂ ಅನ್ನಿಸ್ತಿರಲಿಲ್ಲ. ಎರಡನೇ ವರ್ಷ ಒಂದು ರಾತ್ರಿ 56ನೇ ಕೀರ್ತನೆ ಓದ್ತಿದ್ದೆ, ನನ್ನ ಕಣ್ಣೀರನ್ನ ಬುದ್ದಲಿಯಲ್ಲಿ ತುಂಬಿಟ್ಕೋ ಅಂತ ದಾವೀದ ಕೇಳೋ ಜಾಗ, ಬುದ್ದಲಿ ಅಂದ್ರೆ ತೊಗಲಿನ ಚೀಲ. ನಿದ್ದೆ ಮಾಡ್ತಿದಾರೆ ಅನ್ಕೊಂಡಿದ್ದ ಇವರು ಕತ್ತಲಲ್ಲಿ, ಇನ್ನೊಂದು ಸಲ ಓದು ಅಂದ್ರು. ಬಿದ್ದ ಮೇಲೆ ಅವರು ತಾವಾಗೇ ಏನಾದ್ರೂ ಕೇಳಿದ್ದು ಅದೇ ಮೊದಲು.

ನಮ್ಮ ಪಕ್ಕದ ಮನೆ ಬಾಯಮ್ಮ ಕ್ಯಾಥೊಲಿಕ್, ಅವರು ಜಪಸರ ಹಿಡಿದು ಹೀಗೇ ರಾತ್ರಿ ಕಳೀತಾರೆ. ಮಣಿ ಒಂದೊಂದೇ ಬೆರಳಿಗೆ ಸಿಗುತ್ತಲ್ಲ, ಮಾತು ಹುಡುಕೋ ಕಷ್ಟ ಇಲ್ಲ. ನಿಮಗೆ ಯಾವುದು ಬರುತ್ತೋ ಅದು.

ಎಷ್ಟು ಪ್ರಾರ್ಥನೆ ಮಾಡಿದ್ರೂ ಗುಣ ಆಗ್ಲಿಲ್ಲ. ನನ್ನ ನಂಬಿಕೆ ಕಮ್ಮಿನಾ?

ಒಂದು ಸಲ ದೊಡ್ಡ ಕೂಟ ಇದೆ ಅಂತ ಇವರನ್ನ ಓಮ್ನಿಲಿ ಮಲಗಿಸ್ಕೊಂಡು ಹೋದ್ವಿ. ಬೋಧಕರು ತಲೆ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿ ಎದ್ದೇಳು ಅಂದ್ರು. ಇವರು ಏಳ್ಲಿಲ್ಲ. ಆಗ ಮೈಕಲ್ಲೇ, ಈ ಮನೇಲಿ ಯಾರಿಗೋ ಅವಿಶ್ವಾಸ ಇದೆ ಅಂದ್ರು. ವಾಪಸ್ ಬರೋವಾಗ ದಾರಿಯುದ್ದಕ್ಕೂ ಇವರು ಒಂದು ಮಾತಾಡ್ಲಿಲ್ಲ, ನಾನು ಅವಿಶ್ವಾಸ ನಂದೇ ಅನ್ಕೊಂಡು ಒಂದು ವಾರ ಸರಿಯಾಗಿ ಊಟನೇ ಮಾಡ್ಲಿಲ್ಲ.

ಅದಕ್ಕೇ ಇದನ್ನ ಗಟ್ಟಿಯಾಗಿ ಹೇಳ್ತೀನಿ. ದೇವರು ಗುಣ ಮಾಡ್ತಾನೆ ಅಂತ ನಾನು ನಂಬ್ತೀನಿ, ಈಗಲೂ ಕೇಳ್ತೀನಿ. ಆದ್ರೆ ಗುಣ ಆಗದಿದ್ದಕ್ಕೆ ರೋಗಿಯ ನಂಬಿಕೆ ಮೇಲೆ ಗೂಬೆ ಕೂರಿಸೋದು ಸತ್ಯವೇದದ ರೀತಿ ಅಲ್ಲ. ಅಪೊಸ್ತಲ ಪೌಲ ತನ್ನ ಶರೀರದಲ್ಲಿದ್ದ ಮುಳ್ಳು ತೆಗೀಬೇಕು ಅಂತ 3 ಸಲ ಬೇಡ್ಕೊಂಡ, ಸಿಕ್ಕ ಉತ್ತರ ನನ್ನ ಕೃಪೆ ನಿನಗೆ ಸಾಕು ಅಂತ, ಮುಳ್ಳು ಹೋಗ್ಲಿಲ್ಲ, 2 ಕೊರಿಂಥ 12 ಓದಿ. ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನ ಮಿಲೇತ ಅನ್ನೋ ಊರಲ್ಲಿ ಕಾಯಿಲೆ ಮಲಗಿದ್ದ ಹಂಗೇ ಬಿಟ್ಟು ಬಂದೆ ಅಂತ ಬರೀತಾನೆ, ಅವನ ಇನ್ನೊಬ್ಬ ಜೊತೆಗಾರ ತಿಮೊಥೆಯನಿಗೆ ಪದೇ ಪದೇ ಹೊಟ್ಟೆ ಸರಿ ಇರ್ತಿರಲಿಲ್ಲ ಅನ್ನೋದೂ ಪತ್ರದಲ್ಲಿದೆ. ಇವರೆಲ್ಲ ನಂಬಿಕೆ ಇಲ್ಲದೋರಾ? ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿನೇ ಈ ಪಾತ್ರೆ, ಅಂದ್ರೆ ಬರೋ ಕಷ್ಟ, ನನ್ನಿಂದ ದೂರ ಆಗ್ಲಿ ಅಂತ ಬೇಡ್ಕೊಂಡ್ರಲ್ಲ, ಆಗ್ಲಿಲ್ಲ.

ನಂಬಿಕೆ ಇದ್ರೆ ಮಾತ್ರೆ ನಿಲ್ಲಿಸಬಹುದಾ?

ಬೇಡ. ಸುವಾರ್ತೆ ಬರೆದ ಲೂಕನೇ ವೈದ್ಯ. ಬಿಪಿ, ಶುಗರ್, ಫಿಟ್ಸ್, ಮಾನಸಿಕ ಕಾಯಿಲೆ ಯಾವುದಕ್ಕೇ ಆಗ್ಲಿ, ಮಾತ್ರೆ ಕಮ್ಮಿ ಮಾಡೋದು ಡಾಕ್ಟರ್ ಹೇಳಿದ ಮೇಲೆ ಮಾತ್ರ. ಬೇರೆ ಯಾರು ಹೇಳಿದ್ರೂ ಕೇಳ್ಬೇಡಿ.

ಬದುಕೋದೇ ಬೇಡ ಅನ್ಸುತ್ತೆ. ಕ್ರೈಸ್ತರಿಗೆ ಹಿಂಗೆಲ್ಲ ಅನ್ನಿಸಬಹುದಾ?

ಎಲೀಯನಿಗೆ ಅನ್ನಿಸಿತ್ತು. 1 ಅರಸು 19ರಲ್ಲಿ ಅಷ್ಟು ದೊಡ್ಡ ಪ್ರವಾದಿ ಅಡವಿಲಿ ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ ಪ್ರಾಣ ತೆಗೆದುಬಿಡು ಅಂತಾನೆ. ದೇವರು ಬೈಲಿಲ್ಲ. ಮೊದಲು ನಿದ್ದೆ ಮಾಡೋಕೆ ಬಿಟ್ಟ. ಆಮೇಲೆ ದೂತ ಬಂದು ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಕೊಟ್ಟ. ಮಾತು, ಕೆಲಸ ಎಲ್ಲ ಆಮೇಲೆ.

ಹಾಗಾಗಿ ನಿಮಗೆ ಹಂಗನ್ನಿಸ್ತಿದ್ರೆ ಇವತ್ತೇ ಯಾರಿಗಾದ್ರೂ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಫೋನ್ ಸಹಾಯವಾಣಿ ಇದೆ, ನಂಬರ್ 14416, ಯಾವ ಹೊತ್ತಲ್ಲಾದ್ರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆಸ್ಪತ್ರೆಗೆ ಹೋಗಿ ಮನೋವೈದ್ಯರಿಗೆ ತೋರಿಸಿ. ಮನೇಲಿ ಯಾರಾದ್ರೂ ಹಂಗೆ ಮಾತಾಡ್ತಿದ್ರೆ ಔಷಧಿ ಡಬ್ಬಿ, ತೋಟದ ವಿಷದ ಬಾಟ್ಲಿ ಎಲ್ಲ ಮನೆಯಿಂದ ಆಚೆ ಸಾಗಿಸಿಬಿಡಿ. ಇದನ್ನ ಅವಿಶ್ವಾಸ ಅಂತ ಯಾರಾದ್ರೂ ಅಂದ್ರೆ ಎಲೀಯನ ಕಥೆ ಓದೋಕೆ ಹೇಳಿ.

ಯೆರೆಮೀಯ 29:11 ಎಲ್ಲರೂ ಸ್ಟೇಟಸ್ ಹಾಕ್ತಾರೆ. ನಂಗ್ಯಾಕೆ ಒಳ್ಳೇ ಕಾಲ ಬರ್ತಿಲ್ಲ?

ನಿಮಗೆ ಗತಿ, ನಿರೀಕ್ಷೆ ಕೊಡೋ ಯೋಚನೆ ನಂದು ಅಂತ ದೇವರು ಹೇಳೋ ವಚನ ಅದು, ನಿಜ. ಆದ್ರೆ ಅದರ ಹಿಂದಿನ ವಚನನೂ ಓದಿ, 70 ವರ್ಷ ಆದ ಮೇಲೆ ಅಂತ ಇದೆ. ಬಾಬಿಲೋನಿಗೆ ಸೆರೆ ಹೋದ ಜನಕ್ಕೆ ಯೆರೆಮೀಯ ಬರೆದ ಕಾಗದ ಅದು. ನಾಳೆನೇ ಊರಿಗೆ ವಾಪಸ್ ಹೋಗ್ತೀವಿ ಅಂತ ಕಾಯ್ಬೇಡಿ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಫಲ ತಿನ್ನಿ, ಆ ಊರಿಗೋಸ್ಕರ ಪ್ರಾರ್ಥನೆ ಮಾಡಿ ಅಂತ 5ನೇ ವಚನದಿಂದ ಹೇಳ್ತಾನೆ.

ಈ ಮಾತು ನಮ್ಮ ಕಡೆಯವರಿಗೆ ಗೊತ್ತಾಗೋ ಹಂಗೆ ಬೇರೆಯವರಿಗೆ ಗೊತ್ತಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಶರಾವತಿ ನೀರು ನಿಂತಾಗ ಮುಳುಗಡೆ ಆದ ಊರಿನವರ ಮಕ್ಕಳು ಮೊಮ್ಮಕ್ಕಳು ನಮ್ಮ ಜಿಲ್ಲೆ ತುಂಬಾ ಇದಾರೆ. ಫಸಲಿಗೆ ಬಂದ ತೋಟ, ಮನೆ, ಗುಡಿ ಎಲ್ಲ ನೀರಿಗೆ ಬಿಟ್ಟು ಬರಿಗೈಲಿ ಎದ್ದು ಬಂದೋರು. ಬಂದ ಜಾಗದಲ್ಲಿ ಮತ್ತೆ ಅಡಿಕೆ ಗಿಡ ನೆಡೋದು ಅಂದ್ರೆ ಫಸಲು ಕಾಣೋಕೆ 5-6 ವರ್ಷನಾದ್ರೂ ಬೇಕು, ವಯಸ್ಸಾದೋರು ತಾವು ತಿನ್ನಲ್ಲ ಅಂತ ಗೊತ್ತಿದ್ದೂ ನೆಟ್ರು. ಆ ಕಾಗದದಲ್ಲಿರೋ ನಿರೀಕ್ಷೆ ಈ ಥರದ್ದು. ಒಳ್ಳೇ ಕಾಲ ಬಂದ ಮೇಲೆ ಬದುಕು ಶುರು ಮಾಡ್ತೀನಿ ಅಂತ ಕೂತ್ರೆ ಆಗಲ್ಲ.

ಎಲೆಚುಕ್ಕೆ ರೋಗಕ್ಕೆ ತೋಟ ಕಳಕೊಂಡು ಸೊಸೈಟಿ ಸಾಲ ಹೊತ್ತಿರೋರು ಬೈಬಲಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೇ ಅಧ್ಯಾಯನೂ ಓದಿ. ಅಂಜೂರ ಚಿಗುರದಿದ್ರೂ, ಎಣ್ಣೇಮರದ ಫಲ ಹೋದ್ರೂ, ಕೊಟ್ಟಿಗೇಲಿ ದನ ಇಲ್ಲದಿದ್ರೂ ನಾನು ಕರ್ತನಲ್ಲಿ ಸಂತೋಷಪಡ್ತೀನಿ ಅಂತಾನೆ. ಬೆಳೆ ಹೋದಾಗ ಹೊಟ್ಟೆಲಿ ಆಗೋ ನಡುಕ ಗೊತ್ತಿದ್ದೋನು ಅವನು, ಅದಕ್ಕೆ ಒಂದು ವಚನ ಹಿಂದೆ ನನ್ನ ತುಟಿ ಅದುರುತ್ತೆ, ಕಾಲು ನಡುಗುತ್ತೆ ಅಂತ ಬರ್ದಿದಾನೆ. ಜೊತೆಗೆ ತೋಟಗಾರಿಕೆ ಇಲಾಖೆಗೂ ಹೋಗಿ ಬನ್ನಿ, ಬ್ಯಾಂಕಿನವರ ಹತ್ರ ಕೂತು ಮಾತಾಡಿ.

ಈ ಕಷ್ಟಕ್ಕೆ ಏನಾದ್ರೂ ಉದ್ದೇಶ ಇದೆಯಾ?

ಎಲ್ಲ ಒಳ್ಳೇದಕ್ಕೇ ಆಯ್ತು ಅನ್ನೋ ಮಾತು ನಂಗೆ ಹಿಡಿಸಲ್ಲ. ನಮ್ಮನೆಯವರು ಬಿದ್ದಿದ್ದು ಒಳ್ಳೇದಲ್ಲ. ರೋಮಾಪುರದವರಿಗೆ 8:28 ಹೇಳೋದು, ದೇವರನ್ನ ಪ್ರೀತಿಸೋರ ಒಳ್ಳೇದಕ್ಕಾಗಿ ಎಲ್ಲವೂ ಕೂಡಿ ಕೆಲಸ ಮಾಡ್ತವೆ ಅಂತ, ಆಗಿದ್ದೆಲ್ಲ ಒಳ್ಳೇದು ಅಂತ ಅಲ್ಲ. ಯೋಸೇಫನೂ ತನ್ನನ್ನ ಆಳಾಗಿ ಮಾರಿದ ಅಣ್ಣಂದಿರಿಗೆ ನೀವು ಒಳ್ಳೇದೇ ಮಾಡಿದ್ರಿ ಅನ್ನಲಿಲ್ಲ, ನೀವು ಕೇಡು ನೆನೆಸಿದ್ರಿ, ದೇವರು ಅದನ್ನ ಒಳ್ಳೇದಕ್ಕೆ ತಿರುಗಿಸಿದ ಅಂದ. ಅದನ್ನ ಹೇಳೋ ಹೊತ್ತಿಗೆ ಎಷ್ಟೋ ವರ್ಷ ಆಗಿತ್ತು, ಮಾರಿದಾಗ ಅವನಿಗೆ 17, ಐಗುಪ್ತದ ರಾಜ ಫರೋಹನ ಎದುರು ನಿಂತಾಗ 30. ಮಧ್ಯದ 13 ವರ್ಷ ಆಳಾಗಿ, ಜೈಲಲ್ಲಿ. ಜೈಲಲ್ಲಿ ಇರೋವಾಗ ಅವನಿಗೂ ಉದ್ದೇಶ ಗೊತ್ತಿರಲಿಲ್ಲ.

ನಮ್ಮ ತುಂಗೆ ಹುಟ್ಟೋ ಗಂಗಾಮೂಲದ ಕಾಡಲ್ಲಿ 1858ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು, ಪಂಡಿತಾ ರಮಾಬಾಯಿ. ಅಪ್ಪ ಅನಂತಶಾಸ್ತ್ರಿ ಹೆಂಡತಿಗೆ ಸಂಸ್ಕೃತ ಕಲಿಸಿದ್ರು ಅಂತ ಜನ ಸಿಟ್ಟಾಗಿದ್ರು, ಆ ತಾಯಿನೇ ರಮಾಬಾಯಿಗೆ ಪಾಠ ಹೇಳಿದ್ದು. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಮೂರೂ ಜನ ಹೋದ್ರು. ಅಣ್ಣನ ಜೊತೆ ದೇಶ ಸುತ್ತಿ ಕೊಲ್ಕತ್ತ ತಲುಪಿದ್ರು, ಅಣ್ಣನೂ ತೀರಿಕೊಂಡ್ರು, ಮದುವೆ ಆದ ಗಂಡ 1882ರಲ್ಲಿ ಹೋದ್ರು, ಕೈಯಲ್ಲಿ ಸಣ್ಣ ಮಗಳು. 1883ರಲ್ಲಿ ಇಂಗ್ಲೆಂಡಲ್ಲಿ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದ್ರು. ವಾಪಸ್ ಬಂದು 1889ರಲ್ಲಿ ಮುಂಬೈಲಿ ವಿಧವೆಯರಿಗೆ ಶಾರದಾ ಸದನ ಶುರು ಮಾಡಿದ್ರು. 1896-97ರ ಬರಗಾಲ ಬಂದಾಗ ಮನೇಲಿ ಕೂರಲಿಲ್ಲ, ಮಧ್ಯಪ್ರಾಂತ್ಯಕ್ಕೆ ಹೋಗಿ ಹಸಿದು ಬಿದ್ದಿದ್ದ ಹೆಣ್ಣುಮಕ್ಕಳನ್ನ ನೂರಾರು ಲೆಕ್ಕದಲ್ಲಿ ಪುಣೆ ಹತ್ರದ ಕೇಡಗಾಂವಿನ ತಮ್ಮ ಮುಕ್ತಿ ಆಶ್ರಮಕ್ಕೆ ಕರ್ಕೊಂಡು ಬಂದ್ರು. ಬರದಲ್ಲಿ ತಾಯಿನ ಕಳಕೊಂಡ ಹುಡುಗಿ ಬರದ ಹುಡುಗಿಯರಿಗೆ ತಾಯಿ ಆದ್ರು. 1921ರಲ್ಲಿ ಅದೇ ಮಗಳೂ ಹೋದಳು, ಆಮೇಲೂ ಬೈಬಲನ್ನ ಮರಾಠಿಗೆ ತರೋ ಕೆಲಸ ಬಿಡ್ಲಿಲ್ಲ, 1922ರಲ್ಲಿ ತೀರಿಕೊಂಡ್ರು.

2 ಕೊರಿಂಥ 1:4ರಲ್ಲಿ ಪೌಲ ಹೇಳೋದು ಇದನ್ನೇ. ದೇವರು ನಮ್ಮನ್ನ ಸಂತೈಸೋದು, ನಾವು ಅದೇ ಸಮಾಧಾನನ ಕಷ್ಟದಲ್ಲಿರೋ ಬೇರೆಯವರಿಗೆ ಕೊಡ್ಲಿ ಅಂತ. ನಂಗೆ ಇದು ಗೊತ್ತಾಗಿದ್ದು ಮೂರನೇ ವರ್ಷ. ತೀರ್ಥಹಳ್ಳಿ ಕಡೆ ಒಬ್ಬ ಹುಡುಗ ಮರದಿಂದ ಬಿದ್ದ, ಅವನ ಹೆಂಡತಿಗೆ ಇನ್ನೂ ಇಪ್ಪತ್ತೆರಡು ವರ್ಷ. ನಾನು ಹೋಗಿ ಆ ನರ್ಸ್ ನನ್ನ ಕೈ ಹಿಡಿದ ಹಂಗೇ ಅವಳ ಕೈ ಹಿಡಿದು ಸೊಂಟದ ಕೆಳಗೆ ಎಲ್ಲಿ ಹಾಕ್ಬೇಕು ಅಂತ ತೋರಿಸಿದೆ. ಬೆನ್ನಿನ ಕೆಳಗೆ ಆಗಲೇ ಕೆಂಪಗಾಗಿತ್ತು, ಇನ್ನೊಂದು ವಾರ ಬಿಟ್ಟಿದ್ರೆ ಹುಣ್ಣಾಗ್ತಿತ್ತು. ಅಂಗವಿಕಲರಿಗೆ ಸರ್ಕಾರ ಕೊಡೋ ಯುಡಿಐಡಿ ಕಾರ್ಡಿಗೆ ಎಲ್ಲಿ ಅರ್ಜಿ ಹಾಕ್ಬೇಕು, ಪಂಚಾಯ್ತಿಲಿ ಯಾರನ್ನ ಕೇಳ್ಬೇಕು ಎಲ್ಲ ಹೇಳಿದೆ. ಬಸ್ಸಲ್ಲಿ ವಾಪಸ್ ಬರ್ತಾ ಅತ್ತೆ, ಅದು ಬೇರೆ ಥರದ ಅಳು. ನಮ್ಮನೆಯವರು ಈಗ ವೀಲ್‌ಚೇರಲ್ಲಿ ಕೂತು ಅಡಿಕೆ ಆರಿಸ್ತಾರೆ, ರಾಶಿ, ಬೆಟ್ಟೆ, ಗೊರಬಲು ಅಂತ ಕಣ್ಣಲ್ಲೇ ಬೇರೆ ಮಾಡ್ತಾರೆ, ಆ ಹುಡುಗನಿಗೂ ಫೋನಲ್ಲಿ ಹೇಳಿಕೊಡ್ತಿದಾರೆ.

ಗಂಡ ಹೊಡೀತಾನೆ, ಇದು ನಿನ್ನ ಶಿಲುಬೆ ಹೊತ್ಕೋ ಅಂತಾರೆ. ಹೌದಾ?

ಖಂಡಿತ ಅಲ್ಲ. ಶಿಲುಬೆ ಹೊರೋದು ಅಂದ್ರೆ ಯೇಸುಸ್ವಾಮಿ ಹಿಂದೆ ಹೋಗೋದಕ್ಕೆ ಬರೋ ಕಷ್ಟ ಹೊರೋದು, ಯಾರದೋ ಕೈಲಿ ಏಟು ತಿನ್ನೋದಲ್ಲ. ರಾಜ ಸೌಲ ಈಟಿ ಎಸೆದಾಗ ದಾವೀದ ನಿಂತ್ಕೊಂಡು ತಿವಿಸ್ಕೊಳ್ಳಲಿಲ್ಲ, ಓಡಿಹೋದ. ಮಹಿಳಾ ಸಹಾಯವಾಣಿ 181, ಪೊಲೀಸಿಗೆ 112.

ನಮಗೆ ಅನ್ಯಾಯ ಮಾಡಿದೋರನ್ನ ಕ್ಷಮಿಸಲೇಬೇಕಾ?

ನಮ್ಮನೆಯವರು ಬಿದ್ದ ಆ ತೋಟದ ಯಜಮಾನರು ಆಸ್ಪತ್ರೆ ಖರ್ಚು ಪೂರ್ತಿ ನಂದು ಅಂತ ಮೊದಲ ದಿನ ಹೇಳಿದ್ರು, ಎರಡು ತಿಂಗಳಾದ ಮೇಲೆ ಫೋನ್ ಎತ್ತೋದು ಬಿಟ್ರು. ಅವರನ್ನ ನೆನೆಸ್ಕೊಂಡ್ರೆ ಊಟ ಸೇರ್ತಿರಲಿಲ್ಲ. ಕ್ಷಮಿಸಬೇಕು ಅಂತ ಯೇಸುಸ್ವಾಮಿ ಹೇಳಿದ್ದು ಹೌದು, ಆದ್ರೆ ಕ್ಷಮಿಸೋದು ಅಂದ್ರೆ ಹಕ್ಕು ಬಿಟ್ಟುಕೊಡೋದಲ್ಲ. ಪೌಲ ರೋಮಿನ ಚಕ್ರವರ್ತಿ ಕೈಸರನ ಹತ್ರ ಅಪೀಲು ಹೋದ. ನಾವೂ ಕೇಳಬೇಕಾದ ಕಡೆ ಅರ್ಜಿ ಕೊಟ್ವಿ, ಸ್ವಲ್ಪ ದುಡ್ಡು ಬಂತು. ಕ್ಷಮೆ ನಂಗೆ ಒಂದೇ ದಿನದಲ್ಲಿ ಆಗಲಿಲ್ಲ. ಈಗಲೂ ಅವರ ಜೀಪು ಕಂಡ್ರೆ ಎದೆ ಹೊಡ್ಕೊಳ್ಳುತ್ತೆ, ಅಲ್ಲೇ ನಿಂತು ಕರ್ತನ ಪ್ರಾರ್ಥನೆ ಹೇಳ್ಕೊಂಡು ಮುಂದೆ ಹೋಗ್ತೀನಿ.

ಕಷ್ಟದಲ್ಲಿರೋರ ಮನೆಗೆ ಹೋದಾಗ ಏನು ಹೇಳಬೇಕು?

ಕಮ್ಮಿ ಹೇಳಿ. ಯೋಬನ ಗೆಳೆಯರು ಮೊದಲ 7 ಹಗಲು 7 ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ನೆ ಕೂತಿದ್ರು, ಅಷ್ಟಕ್ಕೇ ಎದ್ದು ಹೋಗಿದ್ರೆ ಒಳ್ಳೇ ಗೆಳೆಯರು ಅನ್ನಿಸ್ಕೊಳ್ತಿದ್ರು. ಬಾಯಿ ಬಿಟ್ಟಿದ್ದೇ ಕೆಟ್ಟಿತು, ಕೊನೆಗೆ ದೇವರೇ ಅವರ ಮೇಲೆ ಕೋಪ ಮಾಡ್ಕೋತಾನೆ. ದೇವರು ತಾಳೋ ಅಷ್ಟೇ ಕಷ್ಟ ಕೊಡೋದು, ನಿಮಗಿಂತ ಕಷ್ಟದಲ್ಲಿ ಇರೋರು ಇಲ್ವಾ, ಇಂಥ ಮಾತು ದಯವಿಟ್ಟು ಬೇಡ.

ಮಾರ್ಕ 2ರಲ್ಲಿ ಪಾರ್ಶ್ವವಾಯು ಬಂದವನನ್ನ ನಾಲ್ಕು ಜನ ಹೊತ್ಕೊಂಡು ಬಂದು ಮಾಳಿಗೆ ಕಿತ್ತು ಯೇಸುಸ್ವಾಮಿ ಎದುರು ಇಳಿಸ್ತಾರೆ. ಯೇಸುಸ್ವಾಮಿ ಅವರ ನಂಬಿಕೆ ನೋಡಿ ಅಂತ ಇದೆ, ಹೊತ್ತವರ ನಂಬಿಕೆನೂ ಲೆಕ್ಕಕ್ಕೆ ಬಂತು. ಇವರು ಬಿದ್ದ ದಿನ ತೋಟದಿಂದ ರಸ್ತೆವರೆಗೆ ಕಂಬಳಿಲಿ ಹೊತ್ತು ತಂದಿದ್ದೂ ನಾಲ್ಕು ಜನ, ಅದರಲ್ಲಿ ಒಬ್ಬರೂ ನಮ್ಮ ಸಭೆಯವರಲ್ಲ. (ಬೆನ್ನಿಗೆ ಪೆಟ್ಟಾದೋರನ್ನ ಕಂಬಳಿಲಿ ಮಡಚಿ ಎತ್ತಬಾರದಂತೆ, ಗಟ್ಟಿ ಹಲಗೆ ಮೇಲೆ ನೆಟ್ಟಗೆ ಮಲಗಿಸಿ ತರಬೇಕು, ನಮಗೆ ಆಮೇಲೆ ಗೊತ್ತಾಯ್ತು, ನೀವು ನೆನಪಿಟ್ಕೊಳ್ಳಿ.) ಬಾಯಮ್ಮ ಒಂದು ತಿಂಗಳು ದಿನಾ ಗಂಜಿ, ಮಿಡಿ ಉಪ್ಪಿನಕಾಯಿ ತಂದು ಬಾಗಿಲಲ್ಲಿಟ್ಟು ಹೋಗ್ತಿದ್ರು. ಮಗಳನ್ನ ಒಬ್ಬ ಟೀಚರ್ ತಮ್ಮ ಮನೇಲೇ ಓದಿಸ್ಕೊಂಡ್ರು. ಏನಾದ್ರೂ ಬೇಕಿದ್ರೆ ಹೇಳಿ ಅನ್ನಬೇಡಿ, ಹೇಳೋಕೆ ಬಾಯಿ ಬರಲ್ಲ. ರಾತ್ರಿ ಒಂದು ಅಲಾರಂ ನಾನು ನೋಡ್ಕೋತೀನಿ ನೀನು ಮಲಗು ಅನ್ನಿ.

ಸಾವಾದ ಮನೇಲಿ ಅಳಬಾರದು, ಅವರು ಪರಲೋಕಕ್ಕೆ ಹೋದ್ರು ಅಂತಾರಲ್ಲ?

ತೀರಿಹೋಗಿದ್ದ ಗೆಳೆಯ ಲಾಜರನನ್ನ ಇನ್ನು ಸ್ವಲ್ಪ ಹೊತ್ತಲ್ಲಿ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಯೇಸುಸ್ವಾಮಿ ಸಮಾಧಿ ಹತ್ರ ಹೋಗೋ ಮುಂಚೆ ಕಣ್ಣೀರು ಹಾಕಿದ್ರು, ಯೋಹಾನ 11:35. ಪುನರುತ್ಥಾನದ ನಂಬಿಕೆ ಇರೋರು ಅಳಬಾರದು ಅಂತಿದ್ರೆ ಆ ವಚನ ಅಲ್ಲಿರ್ತಿರಲಿಲ್ಲ. ಪೌಲ ಹೇಳಿದ್ದು ನಿರೀಕ್ಷೆ ಇಲ್ಲದೋರ ಹಂಗೆ ದುಃಖಪಡಬೇಡಿ ಅಂತ, ದುಃಖಪಡಲೇಬೇಡಿ ಅಂತಲ್ಲ. ಅಳಿ.

ನಾನು ಕ್ರಿಶ್ಚಿಯನ್ ಅಲ್ಲ. ಕೀರ್ತನೆ ಓದಬಹುದಾ, ಚರ್ಚಲ್ಲಿ ಕೂರಬಹುದಾ?

ಧಾರಾಳವಾಗಿ. ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್ಲಲ್ಲಿ ಆಸ್ಪತ್ರೆ ಚೀಟಿ ಕೈಲಿ ಹಿಡ್ಕೊಂಡು ಸುಮ್ನೆ ಕೂತು ಎದ್ದು ಹೋಗೋ ಜನ ಎಷ್ಟೋ ಇದಾರೆ, ಯಾವ ಜಾತಿ ಅಂತ ನಾನಂತೂ ಕೇಳೋಕೆ ಹೋಗಲ್ಲ.

ಎಲ್ಲಿಂದ ಓದೋಕೆ ಶುರು ಮಾಡ್ಲಿ? ರಾತ್ರಿ ಕಳೆಯೋದೇ ಕಷ್ಟ ಆಗಿದೆ.

ಮಾರ್ಕನ ಸುವಾರ್ತೆ 16 ಅಧ್ಯಾಯ, ಚಿಕ್ಕದು, ಹಗಲು ಅದನ್ನ ಓದಿ. ಕನ್ನಡದಲ್ಲಿ ಪೂರ್ತಿ ಬೈಬಲ್ 1831ರಲ್ಲೇ ಬಂತು, ಬಳ್ಳಾರಿಲಿದ್ದ ಜಾನ್ ಹ್ಯಾಂಡ್ಸ್ ಮತ್ತೆ ಅವರ ಜೊತೆಯವರು ವರ್ಷಗಟ್ಟಲೆ ಕೂತು ಮಾಡಿದ್ದು. ಹಳೇ ಭಾಷೆ ಕಷ್ಟ ಅನ್ಸಿದ್ರೆ ಈಗ ಸುಲಭ ಕನ್ನಡದ್ದೂ ಸಿಗುತ್ತೆ, ಮೊಬೈಲಲ್ಲಿ ಓದಿ ಹೇಳೋ ಆ್ಯಪೂ ಇದೆ, ಕಣ್ಣು ಮಂಜಾದೋರಿಗೆ ಒಳ್ಳೇದು.

ರಾತ್ರಿಗೆ ಕೀರ್ತನೆ. ಭಯಕ್ಕೆ 27, 91. ಅಪರಾಧ ಅನ್ನಿಸ್ತಿದ್ರೆ 51. ನಿದ್ದೆ ಬರದಿದ್ರೆ 4, 121. ಬೆಳಗಾಗೋದನ್ನ ಕಾವಲುಗಾರರು ಕಾಯೋದಕ್ಕಿಂತ ಹೆಚ್ಚಾಗಿ ನಾನು ಕಾಯ್ತಿದೀನಿ ಅನ್ನೋ 130 ಪೇಷಂಟ್ ಇರೋ ಮನೆಯವರಿಗೇ ಬರ್ದಂಗಿದೆ. ಹುಡುಕೋಕೆ ಶಕ್ತಿ ಇಲ್ಲ ಅಂದ್ರೆ ನನ್ನ ಹಂಗೆ ಒಂದರಿಂದ ಸಾಲಾಗಿ ಓದ್ಕೊಂಡು ಹೋಗಿ, ಯಾವತ್ತು ಯಾವುದು ಬರುತ್ತೋ ಬರ್ಲಿ.

ನಮ್ಮನೇಲಿ ಇವತ್ತು 3 ಗಂಟೆಗೆ 88 ಬರುತ್ತೆ, ಆ ಕತ್ತಲಿನದು. ಅದನ್ನ ಓದಿ, ಇವರನ್ನ ಎಡ ಮಗ್ಗುಲಿಗೆ ತಿರುಗಿಸಿ ದಿಂಬು ಕೊಟ್ಟು ಮಲಗ್ತೀನಿ. 5 ಗಂಟೆಗೆ 89, ಅದು ಶುರುವಾಗೋದು ಕರ್ತನ ಕೃಪೆಯನ್ನ ಸದಾಕಾಲ ಹಾಡ್ತೀನಿ ಅಂತ. ಅದನ್ನ ಇವರೇ ಓದ್ತಾರಂತೆ, ಟಾರ್ಚ್ ನಾನು ಹಿಡ್ಕೋಬೇಕು.